ಸಂಬಳ ತೀರ್ಮಾನ ಮಾಡುವ ಕುರ್ಚಿಯಲ್ಲಿ ಕೂತವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಮಾಲೀಕರಾಗಿರಬಹುದು, ಎಂಡಿ ಆಗಿರಬಹುದು, ಎಚ್‌ಆರ್ ವಿಭಾಗದ ಮುಖ್ಯಸ್ಥರಾಗಿರಬಹುದು, ಇಲ್ಲವೇ ಐದಾರು ಜನರ ಟೀಮಿನ ಮ್ಯಾನೇಜರ್ ಆಗಿರಬಹುದು. ಇನ್ನೊಬ್ಬರ ಸಂಬಳ ಎಷ್ಟಿರಬೇಕು ಅಂತ ಹೇಳುವ ಅಧಿಕಾರ ಸ್ವಲ್ಪವಾದರೂ ನಿಮ್ಮ ಕೈಯಲ್ಲಿದ್ದರೆ ಈ ಪತ್ರ ನಿಮಗೇ. ತುಸು ಉದ್ದವಿದೆ. ದಯವಿಟ್ಟು ಪೂರ್ತಿ ಓದಿ.

ನಿಮ್ಮ ಮೀಟಿಂಗುಗಳಲ್ಲಿ ಒಂದು ದೂರು ಪದೇ ಪದೇ ಬರುತ್ತದೆ. "ಜನಕ್ಕೆ ಮೊದಲಿನ ಹಾಗೆ ಕೆಲಸದ ಮೇಲೆ ಆಸಕ್ತಿ ಇಲ್ಲ. ಹೇಳಿದಷ್ಟು ಮಾಡ್ತಾರೆ, ಟೈಮ್ ಆದ ತಕ್ಷಣ ಎದ್ದು ಹೋಗ್ತಾರೆ." ಇದಕ್ಕೆ ಪರಿಹಾರ ಅಂತ ಹೊರಗಿನಿಂದ ಒಬ್ಬ ಟ್ರೈನರ್ ಬರುತ್ತಾರೆ. ಒಂದು ದಿನದ ವರ್ಕ್‌ಶಾಪ್ ಆಗುತ್ತದೆ. ಗೋಡೆಗೆ ಹೊಸ ಪೋಸ್ಟರ್ ಬೀಳುತ್ತದೆ. ಸಂಬಳದ ಮಾತು ಮಾತ್ರ ಆ ಕೋಣೆಯೊಳಗೆ ಬರುವುದೇ ಇಲ್ಲ. ಸಂಬಳ ಫೈನಾನ್ಸ್‌ನವರ ವಿಷಯ, ಉತ್ಸಾಹ ಟ್ರೈನಿಂಗ್‌ನವರ ವಿಷಯ, ನಾಯಕತ್ವ ಅಂದರೆ ಮೇಲಿನವರಿಗೆ ಅಂತ ಬೇರೆಯೇ ನಡೆಯುವ ಕೋರ್ಸು. ಮೂರಕ್ಕೂ ಮೂರು ಫೈಲು.

ಕೆಲಸ ಮಾಡುವವರ ಕಡೆಯಿಂದ ನೋಡಿದರೆ ಅದೆಲ್ಲ ಒಂದೇ. ನಮ್ಮ ಸಂಬಳವನ್ನು ನೀವು ಯಾವ ಆಧಾರದ ಮೇಲೆ ತೀರ್ಮಾನ ಮಾಡುತ್ತೀರಿ, ಅದನ್ನು ಯಾವ ಬಾಯಲ್ಲಿ ಹೇಳುತ್ತೀರಿ, ನಾವು ತಿರುಗಿ ಪ್ರಶ್ನೆ ಕೇಳಿದಾಗ ಏನು ಉತ್ತರ ಕೊಡುತ್ತೀರಿ ಅನ್ನುವುದರಲ್ಲೇ ನೀವು ಎಂಥ ಮುಂದಾಳು ಅನ್ನುವುದು ನಮಗೆ ಗೊತ್ತಾಗಿಬಿಡುತ್ತದೆ. ಭಾಷಣ ಎಲ್ಲ ಆಮೇಲಿನದು.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ನಡೆದದ್ದನ್ನು ಹೇಳುತ್ತೇನೆ. ಗ್ರಾಹಕರ ದೂರು ನೋಡಿಕೊಳ್ಳುವ ವಿಭಾಗ ಅದು. ಅಲ್ಲಿ ನಮಗೆಲ್ಲ ಸೀನಿಯರ್ ಆಗಿದ್ದ ಒಬ್ಬರು ಮೇಡಂ ಇದ್ದರು. ಹೊಸದಾಗಿ ಯಾರೇ ಸೇರಲಿ, ಅವರನ್ನು ಮೊದಲು ಇವರ ಪಕ್ಕದಲ್ಲೇ ಕೂರಿಸುತ್ತಿದ್ದರು. ಹಾಗೆ ಇವರ ಪಕ್ಕ ಕೂತು ಕೆಲಸ ಕಲಿತ ಒಬ್ಬ ಹುಡುಗ ಒಂದು ದಿನ ಮಾತಿನ ನಡುವೆ ತನ್ನ ಸಂಬಳ ಎಷ್ಟು ಅಂತ ಹೇಳಿಬಿಟ್ಟ. ಕೆಟ್ಟ ಮನಸ್ಸಿನಿಂದ ಅಲ್ಲ, ಅವನಿಗೆ ಗೊತ್ತೂ ಇರಲಿಲ್ಲ. ಅದು ಮೇಡಂ ಸಂಬಳಕ್ಕಿಂತ ಜಾಸ್ತಿ ಇತ್ತು. ಹೊರಗೆ ಮಾರ್ಕೆಟ್ ರೇಟು ಏರಿತ್ತು, ಹೊಸಬರಿಗೆ ಆ ರೇಟು ಕೊಡಲೇಬೇಕಾಗಿತ್ತು. ಒಳಗಿದ್ದವರಿಗೆ ವರ್ಷಕ್ಕೊಮ್ಮೆ ಬರುವ ಸಣ್ಣ ಇನ್‌ಕ್ರಿಮೆಂಟ್ ಅಷ್ಟೇ.

ವರ್ಷದ ಕೆಲಸ ಅಳೆದು ಸಂಬಳ ಹೇಳುವ ಅಪ್ರೈಸಲ್ ದಿನ ಮೇಡಂ ಇದನ್ನು ಕೇಳಿದರು. ಮ್ಯಾನೇಜರ್ ಲ್ಯಾಪ್‌ಟಾಪ್ ಸ್ವಲ್ಪ ಈ ಕಡೆ ತಿರುಗಿಸಿ ರೇಟಿಂಗ್ ತೋರಿಸಿದರು. "ನನ್ನ ಕೈಯಲ್ಲಿ ಏನೂ ಇಲ್ಲ ಮೇಡಂ, ಮೇಲಿನಿಂದಲೇ ಹೀಗೆ ಬಂದಿದೆ" ಅಂದರು. ಯಾಕೆ ಹೀಗೆ ಬಂತು ಅಂತ ಕೇಳಿದ್ದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ, ಕೇಳಿ ತಿಳಿಸುತ್ತೇನೆ ಅನ್ನುವ ಮಾತೂ ಬರಲಿಲ್ಲ. ಅಷ್ಟಕ್ಕೆ ಮೀಟಿಂಗ್ ಮುಗಿಯಿತು.

ಆಮೇಲೆ ಏನಾಯಿತು ಅನ್ನುವುದನ್ನು ನೀವು ಗಮನವಿಟ್ಟು ನೋಡಬೇಕು, ಯಾಕೆಂದರೆ ನಿಮ್ಮ ಯಾವ ರಿಪೋರ್ಟಿನಲ್ಲೂ ಅದು ಬರುವುದಿಲ್ಲ. ಅವರು ಜಗಳ ಮಾಡಲಿಲ್ಲ. ರಜಾ ಹಾಕಲಿಲ್ಲ. ಟೈಮಿಗೆ ಸರಿಯಾಗಿ ಬಂದರು, ದಿನಕ್ಕೆ ಇಷ್ಟು ದೂರು ಅಂತ ಇದ್ದದ್ದನ್ನು ಅಷ್ಟೂ ಮುಗಿಸಿದರು. ನಿಂತದ್ದು ಬೇರೆ ಕೆಲಸಗಳು. ಮೊದಲು ಅವರು ಶಿಫ್ಟ್ ಶುರುವಾಗುವ ಮುಂಚೆಯೇ ರಾತ್ರಿ ಬಂದ ದೂರುಗಳ ಮೇಲೆ ಕಣ್ಣಾಡಿಸಿ, ಯಾವುದು ದೊಡ್ಡದಾಗಬಹುದು ಅಂತ ಗುರುತು ಹಾಕಿ ಇಡುತ್ತಿದ್ದರು. ಒಂದೇ ಥರದ ದೂರು ಎರಡು ಮೂರು ಸಲ ಬಂದರೆ ಗೋಡೌನಿಗೆ ಫೋನ್ ಮಾಡಿ ಏನಾಗಿದೆ ಅಂತ ಕೇಳುತ್ತಿದ್ದರು. ಸಂಜೆ ಹೋಗುವಾಗ ಮುಂದಿನ ಶಿಫ್ಟಿನವರಿಗೆ ಒಂದು ಚೀಟಿ ಬರೆದಿಡುತ್ತಿದ್ದರು. ಯಾವ ಜಾಬ್ ಡಿಸ್ಕ್ರಿಪ್ಷನ್‌ನಲ್ಲೂ ಈ ಕೆಲಸಗಳು ಇರಲಿಲ್ಲ, ಯಾರೂ ಲೆಕ್ಕ ಇಟ್ಟಿರಲಿಲ್ಲ, ಆದರೆ ಇಡೀ ವಿಭಾಗ ನಿಂತಿದ್ದು ಇವುಗಳ ಮೇಲೇ. ಅವರು ಅದನ್ನು ನಿಲ್ಲಿಸಿದ ಮೇಲೆ ಮುಂದಿನ ಶಿಫ್ಟಿನವರು ಪ್ರತಿ ಸಲ ಮೊದಲಿನಿಂದ ಶುರು ಮಾಡಬೇಕಾಯಿತು, ಬಗೆಹರಿದ ದೂರು ಮತ್ತೆ ಮತ್ತೆ ಬಂತು, ಅದಕ್ಕೆ ಕಾರಣ ಏನು ಅಂತ ಹುಡುಕಲು ಮೇಲಿನವರು ಒಂದು ಕಮಿಟಿ ಮಾಡಿದರು.

ಕೆಲವು ತಿಂಗಳಾದ ಮೇಲೆ ಅವರು ರಾಜೀನಾಮೆ ಕೊಟ್ಟರು. ಅದೇ ವಾರದಲ್ಲಿ, ಹೋಗಬೇಡಿ ಸಂಬಳ ಹೆಚ್ಚಿಸುತ್ತೇವೆ ಅನ್ನುವ ಕೌಂಟರ್ ಆಫರ್ ಬಂತು. ಅಪ್ರೈಸಲ್ ದಿನ ಇಲ್ಲದ ದುಡ್ಡು ರಾಜೀನಾಮೆ ಕೊಟ್ಟ ವಾರದಲ್ಲಿ ಎಲ್ಲಿಂದ ಬಂತು? ಅವರು ಅದನ್ನು ಒಪ್ಪಲಿಲ್ಲ. ನಾವೆಲ್ಲ ನೋಡುತ್ತಿದ್ದೆವು. ಸುಮ್ನೆ ನಿಯತ್ತಾಗಿ ಕೆಲಸ ಮಾಡುವವರಿಗೆ ಇಲ್ಲಿ ಬೆಲೆ ಇಲ್ಲ, ಬಿಟ್ಟು ಹೋಗ್ತೀನಿ ಅಂದರೆ ಮಾತ್ರ ಬೆಲೆ ಅಂತ ಇಡೀ ಟೀಮು ಅವತ್ತು ಕಲಿತುಕೊಂಡಿತು. ಆ ಪಾಠವನ್ನು ಅಳಿಸಲು ಯಾವ ವರ್ಕ್‌ಶಾಪಿಗೂ ಆಗಲಿಲ್ಲ.

ಇದನ್ನು ಬರೀ ಒಬ್ಬರ ಅನುಭವ ಅಂತ ತಳ್ಳಿಹಾಕಬೇಡಿ. 2012ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಮತ್ತು ಅವರ ಜೊತೆಗಾರರು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಮೇಲೆ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಅಲ್ಲಿನ ಸಂಬಳದ ವಿವರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ಕೆಲವರಿಗೆ ಅದನ್ನು ತಿಳಿಸಿದರು, ಕೆಲವರಿಗೆ ತಿಳಿಸಲಿಲ್ಲ. ತಮ್ಮ ವಿಭಾಗದಲ್ಲಿ, ತಮ್ಮಂಥದೇ ಕೆಲಸದಲ್ಲಿ ಇರುವವರ ನಡುಮಟ್ಟಕ್ಕಿಂತ ತಮಗೆ ಕಡಿಮೆ ಇದೆ ಅಂತ ಗೊತ್ತಾದವರಲ್ಲಿ ಬೇಸರ ಹೆಚ್ಚಾಯಿತು, ಬೇರೆ ಕೆಲಸ ಹುಡುಕುವ ಯೋಚನೆಯೂ ಹೆಚ್ಚಾಯಿತು. ಜಾಸ್ತಿ ಸಿಗುತ್ತಿದೆ ಅಂತ ಗೊತ್ತಾದವರ ಖುಷಿ ಮಾತ್ರ ಏರಲಿಲ್ಲ. ಅಂದರೆ ತಾರತಮ್ಯ ಮಾಡಿದರೆ ಒಂದು ಕಡೆ ಕಳೆದುಕೊಳ್ಳುತ್ತೀರಿ, ಇನ್ನೊಂದು ಕಡೆ ಗಳಿಸುವುದೇನೂ ಇಲ್ಲ.

ಇನ್ನೂ ಮುಖ್ಯವಾದದ್ದು ಒಡಿಶಾದಲ್ಲಿ ನಡೆದ ಪ್ರಯೋಗ. ಎಮಿಲಿ ಬ್ರೆಝಾ, ಸುಪ್ರೀತ್ ಕೌರ್ ಮತ್ತು ಯೋಗಿತಾ ಶಾಮದಾಸಾನಿ ಮಾಡಿದ್ದು, 2018ರಲ್ಲಿ ಪ್ರಕಟವಾಯಿತು. ಸಣ್ಣ ಸಣ್ಣ ಗುಂಪುಗಳಲ್ಲಿ ಕೈಯಿಂದ ವಸ್ತುಗಳನ್ನು ತಯಾರಿಸುವ ಕೆಲಸಗಾರರು. ಕೆಲವು ಗುಂಪಿನಲ್ಲಿ ಎಲ್ಲರಿಗೂ ಒಂದೇ ದಿನಗೂಲಿ, ಕೆಲವು ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು. ಪಕ್ಕದವರಿಗಿಂತ ಕಡಿಮೆ ಪಡೆದವರು ಕೆಲಸವನ್ನೂ ಕಡಿಮೆ ಮಾಡಿದರು. ಅಷ್ಟೇ ಅಲ್ಲ, ಗೈರುಹಾಜರಾಗುವುದೂ ಜಾಸ್ತಿಯಾಯಿತು. ಒಂದು ದಿನ ಬರದಿದ್ದರೆ ಆ ದಿನದ ಕೂಲಿ ಹೋಗುತ್ತದೆ ಅಂತ ಗೊತ್ತಿದ್ದೂ ಬರಲಿಲ್ಲ. ಬಡವರು ಕೂಲಿ ಬಿಟ್ಟು ಮನೆಯಲ್ಲಿ ಉಳಿದರು ಅಂದರೆ ಆ ಅವಮಾನ ಎಷ್ಟು ಚುಚ್ಚಿರಬೇಕು ಯೋಚಿಸಿ. ಆದರೆ ಯಾರು ಎಷ್ಟು ಮಾಡುತ್ತಾರೆ ಅನ್ನುವುದು ಎಲ್ಲರ ಕಣ್ಣಿಗೆ ಕಾಣುವ ಥರದ ಕೆಲಸ ಇದ್ದ ಕಡೆ ಈ ತೊಂದರೆ ಕಾಣಿಸಲಿಲ್ಲ. ಜಾಸ್ತಿ ಮಾಡಿದವನಿಗೆ ಜಾಸ್ತಿ ಕೊಟ್ಟರೆ ಯಾರಿಗೂ ಹೊಟ್ಟೆಯುರಿ ಇಲ್ಲ. ಕಾರಣ ಕಾಣಬೇಕು, ಅಷ್ಟೇ. ಮುಖ ನೋಡಿ ಮಣೆ ಹಾಕುತ್ತಿದ್ದಾರೆ ಅನ್ನುವ ಅನುಮಾನ ಬಂದ ಕಡೆ ಕೈ ತಾನಾಗಿ ನಿಧಾನ ಆಗುತ್ತದೆ.

ಈಗ ನಿಮ್ಮಲ್ಲಿ ಹಲವರು ಹೇಳುವ ಇನ್ನೊಂದು ಮಾತಿಗೆ ಬರುತ್ತೇನೆ. "ದುಡ್ಡೇ ಎಲ್ಲ ಅಲ್ಲ, ಜನರಿಗೆ ಬೇಕಾಗಿರುವುದು ಗೌರವ." ಒಪ್ಪುತ್ತೇನೆ. ಆದರೆ ಈ ಮಾತನ್ನು ಸಂಬಳ ಕೊಡುವವರು ಹೇಳಿದಾಗ ಪಡೆಯುವವರಿಗೆ ಬೇರೆಯೇ ಥರ ಕೇಳಿಸುತ್ತದೆ. ಇದಕ್ಕೆ ಆಧಾರ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡೆರಿಕ್ ಹರ್ಜ್‌ಬರ್ಗ್ ಹೆಸರು ತೆಗೆಯುವ ರೂಢಿ ಇದೆ. ಅವರು ಸುಮಾರು 200 ಇಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಹೇಳಿದ್ದು ಇಷ್ಟು: ಕೆಲಸ ಖುಷಿ ಕೊಡುವುದು ಸಾಧನೆಯಿಂದ, ಮೆಚ್ಚುಗೆಯಿಂದ, ಜವಾಬ್ದಾರಿಯಿಂದ, ಕೆಲಸ ಕಹಿಯಾಗುವುದು ಕಂಪನಿಯ ನಿಯಮಗಳಿಂದ, ಮೇಲ್ವಿಚಾರಕರ ನಡವಳಿಕೆಯಿಂದ, ಸಂಬಳದಿಂದ. ಸಂಬಳ ಸರಿಯಿದ್ದ ಮಾತ್ರಕ್ಕೆ ಮನುಷ್ಯ ಕೆಲಸವನ್ನು ಪ್ರೀತಿಸುವುದಿಲ್ಲ ಅನ್ನುವುದು ನಿಜ. ಸಂಬಳ ಸರಿಯಿಲ್ಲದಿದ್ದರೆ ಅವನು ಕಹಿಯಾಗುತ್ತಾನೆ ಅನ್ನುವುದೂ ಅದೇ ಅಧ್ಯಯನದಲ್ಲಿದೆ. ಮೊದಲರ್ಧ ಮಾತ್ರ ಓದಿ ಎರಡನೆಯದನ್ನು ಬಿಡುವುದು ನ್ಯಾಯ ಅಲ್ಲ, ಅಲ್ವಾ?

ಒಳ್ಳೆ ಸಂಬಳ ಏನು ಮಾಡಬಲ್ಲದು ಅನ್ನುವುದಕ್ಕೆ ನೂರು ವರ್ಷ ದಾಟಿದ ಉದಾಹರಣೆ ಇದೆ. 1913ರಲ್ಲಿ ಹೆನ್ರಿ ಫೋರ್ಡ್ ಅವರ ಕಾರ್ ಫ್ಯಾಕ್ಟರಿಯಲ್ಲಿ ಕೆಲಸಗಾರರು ನಿಲ್ಲುತ್ತಲೇ ಇರಲಿಲ್ಲ. ಸುಮಾರು 14,000 ಜನರ ಫ್ಯಾಕ್ಟರಿ ನಡೆಸಲು ಆ ಒಂದು ವರ್ಷದಲ್ಲಿ 50,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಅಸೆಂಬ್ಲಿ ಲೈನ್ ಆಗ ಹೊಸದು. ದಿನವಿಡೀ ಒಂದೇ ಬೋಲ್ಟ್ ತಿರುಗಿಸುವ ಕೆಲಸ ಯಾರಿಗೆ ಬೇಕು? 1914ರ ಜನವರಿಯಲ್ಲಿ ಫೋರ್ಡ್ ದಿನಗೂಲಿಯನ್ನು ಎರಡು ಡಾಲರ್ ಚಿಲ್ಲರೆಯಿಂದ ಒಮ್ಮೆಲೇ ಐದು ಡಾಲರಿಗೆ ಏರಿಸಿದರು, ದಿನದ ಕೆಲಸವನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದರು. ಬಿಟ್ಟು ಹೋಗುವವರ ಸಂಖ್ಯೆ ಧಡ್ ಅಂತ ಬಿತ್ತು. ಆದರೆ ಆ ಐದು ಡಾಲರಿನಲ್ಲಿ ಅರ್ಧದಷ್ಟು ಲಾಭದ ಪಾಲು, ಅದಕ್ಕೆ ಷರತ್ತುಗಳಿದ್ದವು. ಕೆಲಸಗಾರ ಕುಡಿಯುತ್ತಾನಾ, ಮನೆ ಚೊಕ್ಕಟವಾಗಿದೆಯಾ, ದುಡ್ಡು ಉಳಿಸುತ್ತಾನಾ ಅಂತ ನೋಡಲು ಕಂಪನಿಯ ಜನ ಮನೆಗೇ ಬರುತ್ತಿದ್ದರು. ದುಡ್ಡು ಕೊಟ್ಟ ಮಾತ್ರಕ್ಕೆ ಮನುಷ್ಯನ ಮನೆಯೊಳಗೆ ಇಣುಕುವ ಹಕ್ಕು ಬಂದುಬಿಡುತ್ತದೆ ಅಂತ ತಿಳಿಯುವುದು ನನ್ನ ಪ್ರಕಾರ ದೊಡ್ಡ ತಪ್ಪು. ಈಗಲೂ ಒಳ್ಳೆ ಪ್ಯಾಕೇಜ್ ಕೊಟ್ಟಿದ್ದೇವೆ ಅನ್ನುವ ಧೈರ್ಯದಲ್ಲಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವ ಬಾಸುಗಳಿದ್ದಾರೆ.

ಇನ್ನು ಸಂಬಳ ತಡವಾಗುವುದು. ಇದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. "ಕೊಡ್ತೀವಲ್ಲ, ನಾಲ್ಕು ದಿನ ಹೆಚ್ಚು ಕಡಿಮೆ." ಒಡಿಶಾದಲ್ಲೇ ಇನ್ನೊಂದು ಪ್ರಯೋಗ ನಡೆದಿದೆ. ಎಲೆಗಳನ್ನು ಹಚ್ಚಿ ಊಟದ ತಟ್ಟೆ ಮಾಡುವ ಕೆಲಸಗಾರರು, ತಟ್ಟೆಗೆ ಇಷ್ಟು ಅಂತ ಕೂಲಿ. ಕೆಲವರಿಗೆ ಅವರು ಆಗಲೇ ದುಡಿದಿದ್ದ ಹಣದ ಒಂದು ಭಾಗವನ್ನು ಸ್ವಲ್ಪ ಮೊದಲೇ ಕೊಟ್ಟರು. ಒಂದು ಪೈಸೆ ಜಾಸ್ತಿ ಕೊಟ್ಟಿಲ್ಲ, ಬೇಗ ಕೊಟ್ಟರು ಅಷ್ಟೇ. ಅವರು ಜಾಸ್ತಿ ತಟ್ಟೆ ಮಾಡಿದರು, ಗಮನ ತಪ್ಪಿ ಆಗುವ ತಪ್ಪುಗಳೂ ಕಡಿಮೆಯಾದವು. ತೀರಾ ಕಷ್ಟದಲ್ಲಿದ್ದವರಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ತಲೆ ತುಂಬ ಸಾಲದ ಕಂತಿನ ಲೆಕ್ಕ ಓಡುತ್ತಿರುವಾಗ ಕೈ ಕೆಲಸದ ಮೇಲೆ ನಿಲ್ಲುವುದಿಲ್ಲ. ಸಂಬಳ ತಡ ಮಾಡಿ ಆಮೇಲೆ ಕೆಲಸದಲ್ಲಿ ತಪ್ಪು ಜಾಸ್ತಿ ಆಗುತ್ತಿದೆ ಅಂತ ಬೈಯುವವರು ಇದನ್ನು ನೆನಪಿಡಬೇಕು.

ಹಾಗಾದರೆ ಇನ್ಸೆಂಟಿವ್ ಇಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದಾ? ಕೆಲವು ಕಡೆ ಹೌದು. ಅಮೆರಿಕದ ಸೇಫ್‌ಲೈಟ್ ಅನ್ನುವ ಕಂಪನಿ ಕಾರಿನ ಮುಂದಿನ ಗಾಜು ಹಾಕುವ ಕೆಲಸ ಮಾಡುತ್ತದೆ. 1990ರ ದಶಕದ ನಡುವಿನಲ್ಲಿ ಅಲ್ಲಿ ಗಂಟೆ ಲೆಕ್ಕದ ಕೂಲಿ ಬದಲು ಗಾಜಿನ ಲೆಕ್ಕದ ಕೂಲಿ ತಂದರು. ಎಡ್ವರ್ಡ್ ಲೇಜಿಯರ್ ಅನ್ನುವ ಅರ್ಥಶಾಸ್ತ್ರಜ್ಞ ಅದರ ಲೆಕ್ಕ ತೆಗೆದು ನೋಡಿದಾಗ ಒಬ್ಬೊಬ್ಬರ ಕೆಲಸ ಸುಮಾರು 44% ಹೆಚ್ಚಾಗಿತ್ತು. ಅದರಲ್ಲಿ ಅರ್ಧದಷ್ಟು, ಇದ್ದವರೇ ಜಾಸ್ತಿ ಮಾಡಿದ್ದರಿಂದ ಬಂದದ್ದು. ಉಳಿದದ್ದು, ಚುರುಕಾದವರು ಬಂದು ಸೇರಿ ಅಲ್ಲೇ ಉಳಿದದ್ದರಿಂದ. ಆದರೆ ಅಲ್ಲಿ ಒಂದು ಕಂಪ್ಯೂಟರಿನಲ್ಲಿ ಯಾರು ಎಷ್ಟು ಗಾಜು ಹಾಕಿದರು ಅಂತ ಎಣಿಸಬಹುದಿತ್ತು. ಕೆಟ್ಟದಾಗಿ ಹಾಕಿದರೆ ಹಾಕಿದವರೇ ಮತ್ತೆ ಕೂಲಿ ಇಲ್ಲದೆ ಹಾಕಿಕೊಡಬೇಕಿತ್ತು. ಎಣಿಕೆ ಸುಲಭ, ಗುಣಮಟ್ಟ ಹಿಡಿಯುವುದೂ ಸುಲಭ.

ನಮ್ಮಲ್ಲಿ ಹೆಚ್ಚಿನವರ ಕೆಲಸ ಹಾಗಿಲ್ಲ. ಎಣಿಸಲಾಗದ ಕೆಲಸಕ್ಕೆ ಎಣಿಸುವ ಟಾರ್ಗೆಟ್ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಸಾಕ್ಷಿ. ಒಬ್ಬ ಗ್ರಾಹಕನಿಗೆ ಇಷ್ಟು ಅಕೌಂಟು, ಇಷ್ಟು ಕಾರ್ಡು ಮಾರಲೇಬೇಕು ಅನ್ನುವ ಒತ್ತಡ ಶಾಖೆಗಳ ಮೇಲಿತ್ತು. ನೌಕರರು ಗ್ರಾಹಕರಿಗೆ ಗೊತ್ತಿಲ್ಲದ ಹಾಗೆ ಲಕ್ಷಾಂತರ ಅಕೌಂಟುಗಳನ್ನು ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಅಷ್ಟು ಹೊತ್ತಿಗೆ ಸುಮಾರು 5,300 ಜನರನ್ನು ಕೆಲಸದಿಂದ ತೆಗೆದಿದ್ದರು. ಇಷ್ಟೊಂದು ಜನ ಒಂದೇ ಥರದ ತಪ್ಪು ಮಾಡಿದ್ದಾರೆ ಅಂದರೆ ತಪ್ಪು ಅವರೊಬ್ಬರದೇ ಅಲ್ಲ. ಆ ಟಾರ್ಗೆಟ್ ಇಟ್ಟವರು, ಅದು ಮುಟ್ಟದಿದ್ದಾಗ ಪ್ರತಿದಿನ ಫೋನ್ ಮಾಡಿ ಜೀವ ಹಿಂಡಿದವರು, ಮುಟ್ಟಿದಾಗ ಹೇಗೆ ಮುಟ್ಟಿತು ಅಂತ ಕೇಳದವರು, ಎಲ್ಲರೂ ಅದರಲ್ಲಿದ್ದಾರೆ.

ಟೀಮಿನಲ್ಲಿ ಇಷ್ಟು ಜನ ಮೇಲೆ, ಇಷ್ಟು ಜನ ಕೆಳಗೆ ಅಂತ ಮೊದಲೇ ನಿಗದಿ ಮಾಡಿ ರೇಟಿಂಗ್ ಕೊಡುವ ಬೆಲ್ ಕರ್ವ್ ಪದ್ಧತಿ ಬಗ್ಗೆ ಒಂದೇ ಮಾತು. ಹತ್ತು ಜನರ ಟೀಮಿನಲ್ಲಿ ಹತ್ತೂ ಜನ ಚೆನ್ನಾಗಿ ಮಾಡಿದರೂ ಒಬ್ಬರನ್ನಾದರೂ ಕೆಳಗೆ ಹಾಕಲೇಬೇಕು ಅಂದರೆ, ಪಕ್ಕದವನಿಗೆ ಕೆಲಸ ಹೇಳಿಕೊಡುವುದು ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡ ಹಾಗೆ. ಮೈಕ್ರೋಸಾಫ್ಟ್ 2013ರಲ್ಲಿ ಇದನ್ನು ಕೈಬಿಟ್ಟಿತು. ನೀವಿನ್ನೂ ಯಾಕೆ ಹಿಡಿದುಕೊಂಡಿದ್ದೀರಿ?

ಇಷ್ಟು ಹೊತ್ತು ದುಡ್ಡಿನ ಬಗ್ಗೆ ಮಾತಾಡಿದೆ. ಆದರೆ ದುಡ್ಡು ಸರಿಯಿದ್ದೂ ಜನ ಕಂಗೆಟ್ಟಿರುವ ಕಡೆಗಳನ್ನು ನಾನು ನೋಡಿದ್ದೇನೆ, ನೀವೂ ನೋಡಿದ್ದೀರಿ. ಅಲ್ಲಿ ಕೊರತೆ ಇರುವುದು ಒಳ್ಳೆ ಬಾಸ್‌ನದ್ದು. ಇದೇ ಲೇಜಿಯರ್, ಕ್ಯಾಥರಿನ್ ಶಾ ಮತ್ತು ಕ್ರಿಸ್ಟಫರ್ ಸ್ಟಾಂಟನ್ ಜೊತೆ ಸೇರಿ ಒಂದು ದೊಡ್ಡ ಕಂಪನಿಯ ದಾಖಲೆಗಳನ್ನು ನೋಡಿ 2015ರಲ್ಲಿ ಬರೆದರು: ತೀರಾ ಕೆಳಮಟ್ಟದ 10% ಬಾಸ್‌ಗಳಲ್ಲಿ ಒಬ್ಬರನ್ನು ತೆಗೆದು, ಮೇಲಿನ 10%ರಲ್ಲಿ ಒಬ್ಬರನ್ನು ಹಾಕಿದರೆ, ಒಂಬತ್ತು ಜನರ ಟೀಮಿಗೆ ಇನ್ನೊಬ್ಬ ಕೆಲಸಗಾರ ಸೇರಿದಷ್ಟು ಕೆಲಸ ಹೆಚ್ಚಾಗುತ್ತದೆ. ಒಳ್ಳೆ ಬಾಸ್ ಮುಖ್ಯವಾಗಿ ಮಾಡುವುದು ಹೇಳಿಕೊಡುವ ಕೆಲಸ ಅಂತಲೂ, ಆ ಕಲಿಕೆ ಆಮೇಲೂ ಉಳಿಯುತ್ತದೆ ಅಂತಲೂ ಅವರಿಗೆ ಕಂಡಿತು. ಗೂಗಲ್ ಕೂಡ ತನ್ನ ಒಳ್ಳೆ ಮ್ಯಾನೇಜರ್‌ಗಳಲ್ಲಿ ಏನಿದೆ ಅಂತ ಹುಡುಕಿ ಎಂಟು ಗುಣಗಳ ಪಟ್ಟಿ ಮಾಡಿತ್ತು. ಹೇಳಿಕೊಟ್ಟು ಬೆಳೆಸುವ ಗುಣ ಮೊದಲನೆಯದು. ತಾಂತ್ರಿಕ ಜಾಣತನ ಎಂಟನೆಯದು, ಕೊನೆಯದು.

ಆದರೆ ನಾವು ಬಾಸ್‌ಗಳನ್ನು ಆರಿಸುವುದು ಹೇಗೆ? ಯಾರು ಜಾಸ್ತಿ ಮಾರಿದರು, ಯಾರು ಜಾಸ್ತಿ ಕೋಡ್ ಬರೆದರು, ಅವರಿಗೆ ಟೀಮು ಕೊಟ್ಟುಬಿಡುತ್ತೇವೆ. ಯಾಕೆಂದರೆ ಅವರಿಗೆ ಸಂಬಳ ಹೆಚ್ಚಿಸಲು ನಮ್ಮಲ್ಲಿ ಬೇರೆ ದಾರಿಯೇ ಇಟ್ಟುಕೊಂಡಿಲ್ಲ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅನೇಕ ಕಂಪನಿಗಳ ಸೇಲ್ಸ್ ವಿಭಾಗಗಳನ್ನು ನೋಡಿ, ಹೆಚ್ಚು ಮಾರುತ್ತಿದ್ದವರಿಗೇ ಬಡ್ತಿ ಹೆಚ್ಚು ಸಿಗುತ್ತದೆ, ಆದರೆ ಅಂಥವರು ಮ್ಯಾನೇಜರ್ ಆದ ಮೇಲೆ ಅವರ ಕೈಕೆಳಗಿನವರ ಮಾರಾಟ ಕುಸಿಯುತ್ತದೆ ಅಂತ ತೋರಿಸಿತು. ಒಬ್ಬ ಒಳ್ಳೆ ಸೇಲ್ಸ್‌ಮನ್ ಹೋದ, ಒಬ್ಬ ಕೆಟ್ಟ ಮ್ಯಾನೇಜರ್ ಬಂದ. ಸಂಬಳದ ಏಣಿಯನ್ನು ತಪ್ಪಾಗಿ ಕಟ್ಟಿದ್ದರಿಂದ ನಾಯಕತ್ವ ಕೆಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಒಳ್ಳೆ ಬಾಸ್ ಹೇಗಿರುತ್ತಾರೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಒಬ್ಬರು ಇದ್ದರು, ಜೋರಾಗಿ ಮಾತಾಡುವವರಲ್ಲ. ಯಾರಾದರೂ ತಪ್ಪು ಮಾಡಿದರೆ ಮೊದಲು ಅವರ ಸೀಟಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, "ಎಲ್ಲಿ, ಮೊದಲಿನಿಂದ ತೋರಿಸಿ" ಅನ್ನುತ್ತಿದ್ದರು. ಅರ್ಧ ಸಲ ತಪ್ಪು ಆ ಕೆಲಸ ಮಾಡಿದವರದ್ದಾಗಿ ಇರುತ್ತಿರಲಿಲ್ಲ, ಅವರಿಗೆ ಬಂದ ಫಾರ್ಮ್‌ನಲ್ಲೇ ಇರುತ್ತಿತ್ತು. ಮೇಲಿನವರ ಮುಂದೆ ಹೋದಾಗ ತಪ್ಪಿಗೆ "ನಾವು" ಅನ್ನುತ್ತಿದ್ದರು, ಒಳ್ಳೆ ಕೆಲಸಕ್ಕೆ ಮಾಡಿದವರ ಹೆಸರು ಹೇಳುತ್ತಿದ್ದರು. ಅಪ್ರೈಸಲ್ ಮುಂಚೆ ಎಲ್ಲರ ಕೆಲಸದ ಟಿಪ್ಪಣಿ ಬರೆದುಕೊಂಡು ಹೋಗಿ ನಮ್ಮ ಪರವಾಗಿ ವಾದ ಮಾಡುತ್ತಿದ್ದರು. ಎಲ್ಲ ಸಲ ಗೆಲ್ಲುತ್ತಿರಲಿಲ್ಲ. ಸೋತಾಗ ಬಂದು, "ನಾನು ಇಷ್ಟು ಕೇಳಿದೆ, ಇಷ್ಟೇ ಆಯಿತು, ಅವರು ಕೊಟ್ಟ ಕಾರಣ ಇದು, ಮುಂದಿನ ಸಲ ಇದನ್ನು ಹಿಡಿದು ಕೇಳ್ತೀನಿ" ಅಂತ ಹೇಳುತ್ತಿದ್ದರು. ಅವರ ಟೀಮು ಬಿಟ್ಟು ಹೋಗಲು ಯಾರಿಗೂ ಮನಸ್ಸಿರಲಿಲ್ಲ, ಹೊರಗೆ ಸ್ವಲ್ಪ ಜಾಸ್ತಿ ಸಿಗುತ್ತಿದ್ದರೂ.

ಕೆಲಸ ಯಾರಿಗೆ ಮುಟ್ಟುತ್ತದೆ ಅಂತ ತೋರಿಸುವುದೂ ಬಾಸ್‌ನ ಕೆಲಸವೇ. ಆಡಮ್ ಗ್ರಾಂಟ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ವಿಶ್ವವಿದ್ಯಾಲಯಕ್ಕೆ ಫೋನ್ ಮೂಲಕ ದೇಣಿಗೆ ಕೇಳುವ ಕೆಲಸದವರು ಆ ದೇಣಿಗೆಯಿಂದ ಸ್ಕಾಲರ್‌ಶಿಪ್ ಪಡೆದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿ ಮಾಡಿದರು. ತಿಂಗಳಾದ ಮೇಲೆ ನೋಡಿದರೆ ಅವರು ಫೋನಿನಲ್ಲಿ ಕಳೆದ ಸಮಯವೂ, ತಂದ ದೇಣಿಗೆಯೂ ದುಪ್ಪಟ್ಟಿಗಿಂತ ಜಾಸ್ತಿಯಾಗಿತ್ತು. ದಿನವಿಡೀ ಬೈಸಿಕೊಳ್ಳುವ ಕೆಲಸ ಅದು. ತಮ್ಮ ಕೆಲಸದಿಂದ ಒಬ್ಬರ ಓದು ನಡೆಯುತ್ತಿದೆ ಅಂತ ಕಣ್ಣಾರೆ ಕಂಡದ್ದು ಅವರನ್ನು ಎತ್ತಿ ನಿಲ್ಲಿಸಿತು. ಆದರೆ ದಯವಿಟ್ಟು ಇದನ್ನು ಓದಿ, ಇನ್‌ಕ್ರಿಮೆಂಟ್ ಬದಲು ಗ್ರಾಹಕರ ಭೇಟಿ ಇಟ್ಟರೆ ಸಾಕು ಅಂದುಕೊಳ್ಳಬೇಡಿ. ಸಂಬಳದಲ್ಲಿ ಮೋಸ ಹೋಗಿದ್ದೇನೆ ಅನ್ನುವವರ ಮುಂದೆ ಇಂಥ ಭೇಟಿ ಮೂಗಿಗೆ ತುಪ್ಪ ಸವರುವ ಕೆಲಸ ಆಗುತ್ತದೆ. ನಮಗೆ ಎರಡೂ ಬೇಕು.

"ಬಜೆಟ್ ಇಲ್ಲವಲ್ಲ" ಅಂತೀರಿ. ಕೆಲವು ಸಲ ಅದು ನಿಜವೂ ಹೌದು. ಎಲ್ಲ ವರ್ಷವೂ ಲಾಭ ಬರುವುದಿಲ್ಲ, ಎಲ್ಲರಿಗೂ ಕೇಳಿದಷ್ಟು ಕೊಡಲು ಯಾರಿಗೂ ಆಗುವುದಿಲ್ಲ. ಅದಕ್ಕೇ 1990ರಲ್ಲಿ ಜೆರಾಲ್ಡ್ ಗ್ರೀನ್‌ಬರ್ಗ್ ಪ್ರಕಟಿಸಿದ ಅಧ್ಯಯನವನ್ನು ನೀವು ಓದಬೇಕು. ಒಂದೇ ಕಂಪನಿಯ ಎರಡು ಫ್ಯಾಕ್ಟರಿಗಳಲ್ಲಿ ವ್ಯಾಪಾರ ಇಳಿದಿದ್ದರಿಂದ ಎಲ್ಲರ ಸಂಬಳವನ್ನು 10 ವಾರ 15% ಕಡಿತ ಮಾಡಬೇಕಾಗಿ ಬಂತು. ಒಂದು ಕಡೆ ಮುಖ್ಯಸ್ಥರು ಸುಮಾರು ಒಂದೂವರೆ ಗಂಟೆ ಎಲ್ಲರ ಎದುರು ನಿಂತು ಲೆಕ್ಕ ತೋರಿಸಿದರು, ಯಾಕೆ ಬೇರೆ ದಾರಿಯಿಲ್ಲ ಅಂತ ಹೇಳಿದರು, ಬೇಸರ ವ್ಯಕ್ತಪಡಿಸಿದರು, ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಇನ್ನೊಂದು ಕಡೆ ಸುಮಾರು ಹದಿನೈದು ನಿಮಿಷದಲ್ಲಿ ವಿಷಯ ಹೇಳಿ ಮುಗಿಸಿದರು. ಕಡಿತ ಎರಡೂ ಕಡೆ ಒಂದೇ. ಆದರೆ ಹದಿನೈದು ನಿಮಿಷದ ಫ್ಯಾಕ್ಟರಿಯಲ್ಲಿ ಕಳ್ಳತನ ಇನ್ನೊಂದಕ್ಕಿಂತ ಬಹಳ ಜಾಸ್ತಿಯಾಯಿತು, ಕೆಲಸ ಬಿಟ್ಟವರೂ ಜಾಸ್ತಿ. ಆ ಒಂದೂಕಾಲು ಗಂಟೆಯ ವ್ಯತ್ಯಾಸಕ್ಕೆ ಕಂಪನಿ ಏನೂ ಖರ್ಚು ಮಾಡಬೇಕಾಗಿರಲಿಲ್ಲ. ಜನರ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲುವ ಧೈರ್ಯ ಬೇಕಿತ್ತು, ಅಷ್ಟೇ.

ಹಾಗಾಗಿ ನಮ್ಮ ಬೇಡಿಕೆಗಳು ಬಜೆಟ್ಟಿಗಿಂತ ಮೊದಲು ಅಲ್ಲಿಂದಲೇ ಶುರುವಾಗುತ್ತವೆ. ಸಂಬಳದ ಅಂಕಿ ಹೇಳುವವರಿಗೆ ಆ ಅಂಕಿ ಹೇಗೆ ಬಂತು ಅಂತ ಗೊತ್ತಿರಬೇಕು. ಗೊತ್ತಿಲ್ಲದ ಮ್ಯಾನೇಜರನ್ನು ಮುಂದೆ ಕೂರಿಸಿ ನಮ್ಮ ಜೊತೆ ಮಾತಾಡಿಸಬೇಡಿ, ಅದು ಅವರಿಗೂ ಹಿಂಸೆ, ನಮಗೂ ಹಿಂಸೆ. ಕೊಡಲು ಆಗದಿದ್ದರೆ ಆಗುವುದಿಲ್ಲ ಅನ್ನಿ, ಮುಂದಿನ ವರ್ಷ ನೋಡೋಣ ಅಂತ ವರ್ಷಗಟ್ಟಲೆ ತಳ್ಳಬೇಡಿ. ಸಂಬಳ ತಡವಾಗುವುದಾದರೆ ದಿನ ದಾಟುವ ಮೊದಲೇ ಹೇಳಿ, ಯಾವ ದಿನ ಬರುತ್ತದೆ ಅಂತಲೂ ಹೇಳಿ, ಮತ್ತು ಆ ತಿಂಗಳು ಮೊದಲು ತಡವಾಗಬೇಕಾದದ್ದು ಮೇಲಿನವರ ಸಂಬಳ, ಕೆಳಗಿನವರದಲ್ಲ. ಟಾರ್ಗೆಟ್ ಇಡುವ ಮುಂಚೆ ಆ ಕೆಲಸ ಮಾಡುವವರನ್ನೇ ಕರೆದು, ಇದನ್ನು ಅಡ್ಡದಾರಿಯಲ್ಲಿ ಮುಟ್ಟುವುದಾದರೆ ಹೇಗೆ ಮುಟ್ಟಬಹುದು ಅಂತ ಕೇಳಿ, ಅವರಿಗೆ ಗೊತ್ತಿರುತ್ತದೆ. ಕೆಲಸದಲ್ಲಿ ಪಳಗಿದವರಿಗೆ ಮ್ಯಾನೇಜರ್ ಆಗದೆಯೂ ಸಂಬಳ ಏರುವ ದಾರಿ ಮಾಡಿ. ಯಾರನ್ನಾದರೂ ಬಾಸ್ ಮಾಡುವ ಮೊದಲು, ಅವರ ಜೊತೆ ಕೆಲಸ ಮಾಡಿದ ಕಿರಿಯರನ್ನು ಒಮ್ಮೆ ವಿಚಾರಿಸಿ. ಬಾಸ್ ಆದ ಮೇಲೆ ಆರು ತಿಂಗಳಿಗೆ ಮತ್ತೆ ವಿಚಾರಿಸಿ, ಹೇಳಿದವರ ಹೆಸರು ಹೊರಬರದ ಹಾಗೆ ನೋಡಿಕೊಳ್ಳಿ.

ಇದಿಷ್ಟನ್ನೂ ಒಮ್ಮೆಲೇ ಮಾಡಲು ಆಗದಿರಬಹುದು. ಈ ವಾರ ಒಂದೇ ಒಂದು ಕೆಲಸ ಮಾಡಿ. ನಿಮ್ಮಲ್ಲಿ ವರ್ಷಗಳಿಂದ ಇರುವವರ ಸಂಬಳವನ್ನೂ, ಅದೇ ಕೆಲಸಕ್ಕೆ ಇತ್ತೀಚೆಗೆ ಸೇರಿದವರ ಸಂಬಳವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಳಬರಿಗೆ ಕಡಿಮೆ ಇದ್ದು, ಅದಕ್ಕೆ ಅವರ ಎದುರು ಹೇಳಬಹುದಾದ ಕಾರಣ ನಿಮ್ಮ ಹತ್ತಿರ ಇಲ್ಲದಿದ್ದರೆ, ಅವರು ಬಂದು ಕೇಳುವವರೆಗೆ ಕಾಯಬೇಡಿ. ನೀವೇ ಕರೆದು, ಯಾವಾಗ ಹೇಗೆ ಸರಿಮಾಡುತ್ತೀರಿ ಅಂತ ಹೇಳಿ, ಬರೆದು ಕೊಡಿ.

ಇಂತಿ,
ಸಂಬಳಕ್ಕೆ ದುಡಿಯುವವರಲ್ಲೊಬ್ಬ